ನೆಲದ ನಡುವಿನ ದ್ವೀಪಗಳು: ಶಿರಹಟ್ಟಿ, ಲಕ್ಷ್ಮೇಶ್ವರ ಮತ್ತು ಯಾರೂ ಕೇಳದ ಪ್ರಶ್ನೆ

ವಿಶ್ವಸಂಸ್ಥೆಯ ಬಳಿ ‘ಸ್ವಯಮಾಡಳಿತವಿಲ್ಲದ ಪ್ರದೇಶಗಳು’ ಎಂಬ ಹೆಸರಿನ ಒಂದು ಪಟ್ಟಿ ಇದೆ. 1946ರಲ್ಲಿ ಅದರಲ್ಲಿ 72 ಪ್ರದೇಶಗಳಿದ್ದವು. ಈಗ ಉಳಿದಿರುವುದು 17. ಪಶ್ಚಿಮ ಸಹರಾ, ಜಿಬ್ರಾಲ್ಟರ್ ಬಿಟ್ಟರೆ ಉಳಿದವೆಲ್ಲ ಸಮುದ್ರದ ನಡುವಿನ ದ್ವೀಪಗಳು. ಕೆಲವು ದ್ವೀಪಗಳ ಜನಸಂಖ್ಯೆ ನಮ್ಮ ಒಂದು ಸಣ್ಣ ಹಳ್ಳಿಗಿಂತಲೂ ಕಡಿಮೆ. ಈ ಜನರ ಭವಿಷ್ಯವನ್ನು ಯಾರು ನಿರ್ಧರಿಸಬೇಕು? ಸಾವಿರಾರು ಮೈಲು ದೂರದ ರಾಜಧಾನಿಯೋ, ಅಲ್ಲಿ ಹುಟ್ಟಿ ಬೆಳೆದವರೋ? ಅಷ್ಟು ಸಣ್ಣ ಊರಿಗೆ ಸ್ವಂತ ನಿರ್ಧಾರ ಎಂಬುದು ಸಾಧ್ಯವೇ? ಸಾಧ್ಯವಾದರೂ ರಸ್ತೆ, ನೀರು, ಶಾಲೆ, ಆಸ್ಪತ್ರೆಗಳಿಗೆ ದುಡ್ಡು ಎಲ್ಲಿಂದ ಬರಬೇಕು?

ಈ ಪ್ರಶ್ನೆಗಳು ನಮಗೆ ದೂರದವು ಎನಿಸಬಹುದು. ಆದರೆ ಇಂದಿನ ಗದಗ ಜಿಲ್ಲೆಯ ಶಿರಹಟ್ಟಿ ಮತ್ತು ಲಕ್ಷ್ಮೇಶ್ವರಗಳು 1948ರವರೆಗೆ ಇಂಥವೇ ದ್ವೀಪಗಳಾಗಿದ್ದವು. ಅವುಗಳ ಸುತ್ತ ನೀರಿರಲಿಲ್ಲ, ಬೇರೆ ಸರಕಾರಗಳ ನೆಲವಿತ್ತು ಎಂಬುದಷ್ಟೇ ವ್ಯತ್ಯಾಸ.

ಒಂದು ದಿನದ ಚಕ್ಕಡಿ ದಾರಿಯಲ್ಲಿ ಐದು ಸರಕಾರ

ಬ್ರಿಟಿಷರ ಕಾಲದ ಧಾರವಾಡ ಜಿಲ್ಲೆಯ ನಕ್ಷೆಯನ್ನು ನೋಡಿದವರಿಗೆ ಅದು ತೇಪೆ ಹಾಕಿದ ಕೌದಿಯಂತೆ ಕಾಣುತ್ತದೆ. ಗದಗ-ಬೆಟಗೇರಿ ಮತ್ತು ಮುಂಡರಗಿ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು. ಅದರ ಪಕ್ಕದ ಲಕ್ಷ್ಮೇಶ್ವರ ಮಿರಜ ಹಿರಿಯ ಶಾಖೆಯದ್ದು. ಸ್ವಲ್ಪ ದೂರದ ಗುಡಗೇರಿ ಮಿರಜ ಕಿರಿಯ ಶಾಖೆಯದ್ದು. ಕುಂದಗೋಳ ಜಮಖಂಡಿಯದ್ದು. ಸವಣೂರಿಗೆ ಅದರದೇ ನವಾಬರು. ಮುಂಡರಗಿಯಿಂದ ಮೂಡಣಕ್ಕೆ ಹೋದರೆ ನಿಜಾಮರ ಹೈದರಾಬಾದ್ ರಾಜ್ಯ, ಅದರೊಳಗೆ ಸಾಲಾರ್ ಜಂಗರ ಜಹಗೀರಾದ ಕೊಪ್ಪಳ. ತೆಂಕಣಕ್ಕೆ ತುಂಗಭದ್ರೆ ದಾಟಿದರೆ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆ. ಹೀಗೆ ಒಂದು ದಿನದ ಚಕ್ಕಡಿ ದಾರಿಯೊಳಗೆ ನಾಲ್ಕೈದು ಸರಕಾರಗಳು, ಅಷ್ಟೇ ಬಗೆಯ ಕಾಯಿದೆಗಳು. ಆದರೆ ಇಲ್ಲಿನ ಜನರ ಭಾಷೆ ಒಂದೇ, ಬೆಳೆ ಒಂದೇ, ಸಂತೆ ಒಂದೇ.

ಇದು ಹೇಗಾಯಿತು? ಆದಿಲ್‌ಶಾಹಿಗಳ ನಂತರ ಈ ಸೀಮೆ ಸವಣೂರು ನವಾಬರ ಕೈಯಲ್ಲಿತ್ತು. ಹದಿನೆಂಟನೆಯ ಶತಮಾನದಲ್ಲಿ ಪೇಶ್ವೆಗಳು ಅವರಿಂದ ಒಂದೊಂದೇ ಭಾಗವನ್ನು ಕಿತ್ತುಕೊಂಡರು. ತಮ್ಮ ಸೇನಾನಿಗಳಾದ ಪಟವರ್ಧನ ಮನೆತನಕ್ಕೆ ಸೈನ್ಯ ಸಾಕುವ ಖರ್ಚಿಗಾಗಿ ಸರಂಜಾಮು ಎಂದು ಊರುಗಳನ್ನು ಬಿಟ್ಟುಕೊಟ್ಟರು. ಮುಂದೆ ಆ ಮನೆತನದಲ್ಲಿ ಪಾಲುಗಳಾದವು. 1801ರಲ್ಲಿ ಚಿಂತಾಮಣರಾವ್ ಪಟವರ್ಧನರು ಮಿರಜಿನಿಂದ ಬೇರೆಯಾಗಿ ಸಾಂಗ್ಲಿಯನ್ನು ರಾಜಧಾನಿ ಮಾಡಿಕೊಂಡರು. ಪೇಶ್ವಾಯಿ ಬಿದ್ದ ಮೇಲೆ 1819ರಲ್ಲಿ ಬ್ರಿಟಿಷರು ಪಟವರ್ಧನರೊಂದಿಗೆ ಒಪ್ಪಂದ ಮಾಡಿಕೊಂಡರು. 1820ರಲ್ಲಿ ಮಿರಜ ನಾಲ್ಕು ಪಾಲಾಯಿತು. ಅವುಗಳಲ್ಲಿ ಎರಡು, ಗಂಡು ಸಂತಾನವಿಲ್ಲವೆಂದು 1842 ಮತ್ತು 1845ರಲ್ಲಿ ಬ್ರಿಟಿಷರ ಪಾಲಾದವು.

ಅಣ್ಣ ತಮ್ಮಂದಿರು ಹೊಲ ಹಂಚಿಕೊಳ್ಳುವಾಗ ಇಲ್ಲೊಂದು ಎರೆಯ ತುಂಡು, ಅಲ್ಲೊಂದು ಮಸಾರಿಯ ತುಂಡು ಎಂದು ಹಂಚಿಕೊಳ್ಳುತ್ತಾರಲ್ಲ, ಇದೂ ಹಾಗೆಯೇ. ಹಂಚಿಹೋದದ್ದು ಮಾತ್ರ ಬರೀ ಹೊಲವಲ್ಲ, ಜನರಿದ್ದ ಊರುಗಳು. ಸಾಂಗ್ಲಿ ಸಂಸ್ಥಾನ ಒಂದಕ್ಕೊಂದು ಹೊಂದಿಕೊಳ್ಳದ ಆರು ತುಂಡುಗಳಲ್ಲಿ ಹರಡಿತ್ತು. ಕೃಷ್ಣಾ ತೀರದಲ್ಲಿ ರಾಜಧಾನಿ, ತುಂಗಭದ್ರೆಯ ಬಡಗಣ ಬದಿಗೆ ಶಿರಹಟ್ಟಿ. ಇವೆರಡರ ನಡುವೆ ಇನ್ನೂರೈವತ್ತು ಕಿಲೋಮೀಟರಿಗೂ ಹೆಚ್ಚಿನ ದಾರಿ. ಶಿರಹಟ್ಟಿಯ ರೈತ ತನ್ನ ಅಹವಾಲನ್ನು ದೊರೆಯ ಬಾಗಿಲಿಗೆ ಒಯ್ಯಬೇಕೆಂದರೆ ಬ್ರಿಟಿಷ್ ಜಿಲ್ಲೆಗಳನ್ನು ದಾಟಿಯೇ ಹೋಗಬೇಕಿತ್ತು.

ಇದರಲ್ಲಿ ಇನ್ನೊಂದು ವಿಪರ್ಯಾಸವಿದೆ. ಲಕ್ಷ್ಮೇಶ್ವರ ಎಂದರೆ ಹಳೆಯ ಪುಲಿಗೆರೆ. ತಿರುಳ್ಗನ್ನಡದ ನಾಡು ಯಾವುದು ಎಂದು ಹೇಳುವಾಗ ಕವಿರಾಜಮಾರ್ಗ ಹೆಸರಿಸುವ ನಾಲ್ಕು ಊರುಗಳಲ್ಲಿ ಪುಲಿಗೆರೆಯೂ ಒಂದು. ಪಂಪ ತನ್ನ ಕಾವ್ಯದ ಭಾಷೆಗೆ ಆಧಾರವಾಗಿಟ್ಟುಕೊಂಡದ್ದು ಪುಲಿಗೆರೆಯ ಕನ್ನಡವನ್ನು. ಕನ್ನಡದ ಅಳತೆಗೋಲಾಗಿದ್ದ ಆ ಊರನ್ನು ಒಂದೂವರೆ ಶತಮಾನ ಕಾಲ ಆಳಿದ್ದು ಮರಾಠಿ ದರಬಾರು.

ಗಡಿ ಕಾಗದದಲ್ಲಿತ್ತು

ಆದರೆ ಜನರ ಬಾಳು ಆ ಗಡಿಗಳನ್ನು ಒಪ್ಪಿಕೊಳ್ಳಲಿಲ್ಲ. ಲಕ್ಷ್ಮೇಶ್ವರದಲ್ಲಿ ಸೋಮೇಶ್ವರ ದೇವಾಲಯ, ಶಂಖ ಬಸದಿ, ಆದಿಲ್‌ಶಾಹಿ ಕಾಲದ ಜುಮ್ಮಾ ಮಸೀದಿ, ದೂದನಾನಾ ದರ್ಗಾ ಒಂದೇ ಊರಿನ ಆಸ್ತಿಯಾಗಿ ಉಳಿದವು. ಶಿರಹಟ್ಟಿಯ ಫಕೀರೇಶ್ವರ ಮಠದ ಹೆಸರಿನಲ್ಲೇ ಫಕೀರನೂ ಇದ್ದಾನೆ, ಈಶ್ವರನೂ ಇದ್ದಾನೆ. ಅದರ ಭಕ್ತರಲ್ಲಿ ಹಿಂದೂಗಳೂ ಇದ್ದಾರೆ, ಮುಸ್ಲಿಮರೂ ಇದ್ದಾರೆ. ಸಮೀಪದ ಶಿಶುವಿನಹಾಳದ ಸಂತ ಶರೀಫರು (1819–1889) ಕಳಸದ ಗೋವಿಂದಭಟ್ಟರ ಶಿಷ್ಯರಾಗಿ ಈ ಸೀಮೆಯಲ್ಲೆಲ್ಲ ತಿರುಗಿದರು. ಅವರ ಪದಗಳು ಯಾವ ಸಂಸ್ಥಾನದ ಗಡಿಯಲ್ಲೂ ನಿಲ್ಲಲಿಲ್ಲ.

ಗಡಿ ಅಡ್ಡ ಬಂದದ್ದು ಅಭಿವೃದ್ಧಿಗೆ. 1884ರಲ್ಲಿ ಹೋಟಗಿಯಿಂದ ಗದಗಿಗೆ ರೈಲು ಬಂತು. ಗದಗ ದೊಡ್ಡ ಹತ್ತಿ ಪೇಟೆಯಾಗಿ ಬೆಳೆಯಿತು, ಬೆಟಗೇರಿಯ ನೇಕಾರಿಕೆಗೂ ಮಾರುಕಟ್ಟೆ ಸಿಕ್ಕಿತು. 1904ರಲ್ಲಿ ಸಹಕಾರ ಕಾಯಿದೆ ಬಂದಾಗ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಮರುವರ್ಷವೇ ರೈತರ ಸಹಕಾರಿ ಪತ್ತಿನ ಸಂಘ ಕಟ್ಟಿದರು. ದೇಶದಲ್ಲೇ ಮೊದಲನೆಯದೆಂದು ಅದು ಹೆಸರಾಯಿತು. ಶಿರಹಟ್ಟಿ, ಲಕ್ಷ್ಮೇಶ್ವರಗಳು ಆ ಕಾಯಿದೆಯ ಹೊರಗಿದ್ದವು. ಅಲ್ಲಿಗೆ ರೈಲೂ ಬರಲಿಲ್ಲ. ಲಕ್ಷ್ಮೇಶ್ವರದವರು ರೈಲು ಹತ್ತಬೇಕೆಂದರೆ ಯಲವಿಗಿ ಅಥವಾ ಗುಡಗೇರಿಗೆ ಹೋಗಬೇಕು. ಸಂಸ್ಥಾನಿಕರೆಲ್ಲ ಕೆಟ್ಟವರಾಗಿದ್ದರು, ಬ್ರಿಟಿಷರು ಒಳ್ಳೆಯವರಾಗಿದ್ದರು ಎಂದು ಇದರ ಅರ್ಥವಲ್ಲ. ಬ್ರಿಟಿಷರ ಆಡಳಿತ ಎಷ್ಟು ಕಠಿಣವಾಗಿತ್ತೆಂಬುದಕ್ಕೆ ಮುಂಡರಗಿಯ ಭೀಮರಾಯರೇ ಸಾಕ್ಷಿ. ನಿಶ್ಶಸ್ತ್ರೀಕರಣದ ಕಾಯಿದೆಯನ್ನು ವಿರೋಧಿಸಿ 1858ರಲ್ಲಿ ಅವರು ಹಮ್ಮಿಗೆಯ ಕೆಂಚನಗೌಡರೊಂದಿಗೆ ಬಂಡೆದ್ದು, ಡಂಬಳದ ಖಜಾನೆಯನ್ನು ವಶಪಡಿಸಿಕೊಂಡು, ಕೊಪ್ಪಳದ ಕೋಟೆಯಲ್ಲಿ ಹೋರಾಡುತ್ತ ಮಡಿದರು. ಹೇಳಬೇಕಾದ ಮಾತೆಂದರೆ, ತುಂಡು ನೆಲಕ್ಕೆ ದೊಡ್ಡ ಯೋಜನೆ ಬರುವುದಿಲ್ಲ. ರಾಜಧಾನಿಯಿಂದ ದೂರದ ತುಂಡು ಯಾವಾಗಲೂ ಕಂದಾಯ ಕೊಡುವ ಊರಾಗಿಯೇ ಉಳಿಯುತ್ತದೆ.

ಔಂಧದ ಪಾಠ

ಸಂಸ್ಥಾನಗಳ ಪ್ರಜೆಗಳಿಗೂ ಆಡಳಿತದಲ್ಲಿ ಪಾಲು ಬೇಕೆಂಬ ಕೂಗು 1930ರ ದಶಕದಲ್ಲಿ ಬಲವಾಯಿತು. 1939ರಲ್ಲಿ ರಾಮದುರ್ಗದಲ್ಲಿ ಅದು ಹಿಂಸೆಯಲ್ಲಿ ಕೊನೆಗೊಂಡಿತು. ಅದೇ ವರ್ಷ ಔಂಧ ಸಂಸ್ಥಾನದಲ್ಲಿ ಬೇರೆಯೇ ಒಂದು ಪ್ರಯೋಗ ನಡೆಯಿತು. ಗಾಂಧೀಜಿಯವರ ಸಲಹೆಯಂತೆ ಅಲ್ಲಿನ ರಾಜರು ತಮ್ಮ ಅಧಿಕಾರವನ್ನು ಗ್ರಾಮ ಪಂಚಾಯಿತಿಗಳ ಮೂಲಕ ಜನರಿಗೆ ಬಿಟ್ಟುಕೊಟ್ಟರು. ಯುವರಾಜ ಅಪ್ಪಾ ಪಂತರೂ ಪೋಲೆಂಡಿನಿಂದ ಬಂದಿದ್ದ ಮಾರಿಸ್ ಫ್ರೀಡ್‌ಮನ್ನರೂ ಇದರ ಹಿಂದೆ ದುಡಿದರು. ಔಂಧವೂ ಚೆದುರಿದ ಸಂಸ್ಥಾನವೇ ಆಗಿತ್ತು. ವಿಜಾಪುರ ಜಿಲ್ಲೆಯೊಳಗಿನ ಕನ್ನಡದ ಗುಣದಾಳ ಅದರ ಒಂದು ತುಂಡಾಗಿತ್ತು. ಎಂದರೆ, ನೆಲ ಚೆದುರಿದ್ದರೂ ಜನರನ್ನು ಕೇಳಿ ಆಡಳಿತ ನಡೆಸಲು ಸಾಧ್ಯವಿತ್ತು. ಸಣ್ಣ ಊರು ಎಂಬುದು ಸ್ವಯಮಾಡಳಿತಕ್ಕೆ ಅಡ್ಡಿಯಲ್ಲ ಎಂಬುದನ್ನು ಔಂಧ ತೋರಿಸಿತು.

1947ರಲ್ಲಿ ಬ್ರಿಟಿಷರು ಹೋದಾಗ ದಖ್ಖನಿನ ಕೆಲವು ಸಂಸ್ಥಾನಿಕರು ತಮ್ಮದೇ ಒಂದು ಒಕ್ಕೂಟ ಕಟ್ಟಲು ಹೊರಟರು. ಆದರೆ ಭಾರತ ಸರಕಾರದ ಒಲವು ವಿಲೀನದ ಕಡೆಗಿತ್ತು, ಪ್ರಜಾ ಚಳವಳಿಯ ಒತ್ತಡವೂ ಅದೇ ದಿಕ್ಕಿನಲ್ಲಿತ್ತು. 1948ರ ಮಾರ್ಚ್ 8ರಂದು ಸಾಂಗ್ಲಿ, ಮಿರಜ, ಜಮಖಂಡಿ, ಸವಣೂರು ಮೊದಲಾದ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು. ಶಿರಹಟ್ಟಿ, ಲಕ್ಷ್ಮೇಶ್ವರಗಳು ಧಾರವಾಡ ಜಿಲ್ಲೆಗೆ ಸೇರಿದವು. ಸಂಸ್ಥಾನಿಕರಿಗೆ ರಾಜಧನ ಸಿಕ್ಕಿತು. ಅದು 1971ರವರೆಗೆ ನಡೆಯಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ವಿಲೀನದ ಪತ್ರಕ್ಕೆ ಸಹಿ ಮಾಡಿದವರು ದೊರೆಗಳು. ಜನರ ಮತ ಕೇಳಲಿಲ್ಲ. ಆ ದಿನಗಳಲ್ಲಿ ಜನಮತ ಎಂಬ ಕ್ರಮ ತಿಳಿಯದ ಸಂಗತಿಯೇನೂ ಆಗಿರಲಿಲ್ಲ. ಇದಕ್ಕೆ ಹದಿನೇಳು ದಿನ ಮೊದಲು, 1948ರ ಫೆಬ್ರವರಿ 20ರಂದು ಜುನಾಗಢದಲ್ಲಿ ಮತದಾನ ನಡೆದಿತ್ತು. ಅಲ್ಲಿ ದೊರೆಯ ಇಚ್ಛೆಗೂ ಜನರ ಇಚ್ಛೆಗೂ ವಿರೋಧವಿತ್ತು, ಆದ್ದರಿಂದ ಜನರನ್ನು ಕೇಳಿದರು. ಇಲ್ಲಿ ದೊರೆಗಳು ಒಪ್ಪಿದ್ದರಿಂದ ಜನರನ್ನು ಕೇಳುವ ಅಗತ್ಯ ಯಾರಿಗೂ ಕಾಣಲಿಲ್ಲ.

ಮುಂಡರಗಿಯ ಆಚೆ ಬದಿಯಲ್ಲಿ ಇದೇ ಪ್ರಶ್ನೆ ರಕ್ತದಲ್ಲಿ ಇತ್ಯರ್ಥವಾಯಿತು. ನಿಜಾಮರ ಆಡಳಿತ ಮತ್ತು ರಜಾಕಾರರ ಹಾವಳಿಯ ವಿರುದ್ಧ ಅಳವಂಡಿ ಶಿವಮೂರ್ತಿಸ್ವಾಮಿಯವರು ಮುಂಡರಗಿಯಲ್ಲಿ ಶಿಬಿರ ನಡೆಸಿದರು. 1948ರ ಸೆಪ್ಟೆಂಬರ್ 13ರಿಂದ 17ರವರೆಗಿನ ಸೇನಾ ಕಾರ್ಯಾಚರಣೆಯಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿತು. ರಜಾಕಾರರ ದೌರ್ಜನ್ಯದ ನೆನಪು ನಮ್ಮ ಪಠ್ಯಗಳಲ್ಲಿದೆ, ಇರಬೇಕಾದದ್ದೇ. ಆದರೆ ಕಾರ್ಯಾಚರಣೆಯ ನಂತರ ಆ ರಾಜ್ಯದಲ್ಲಿ ಸಾಮಾನ್ಯ ಮುಸ್ಲಿಮರ ಮೇಲೆ ನಡೆದ ಹತ್ಯಾಕಾಂಡವನ್ನು ವಿಚಾರಿಸಿದ ಪಂಡಿತ ಸುಂದರಲಾಲ್ ಮತ್ತು ಕಾಜಿ ಅಬ್ದುಲ್ ಗಫಾರ್ ಅವರ ತಂಡದ ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ. ಸತ್ತವರು 27,000ದಿಂದ 40,000 ಎಂಬುದು ಆ ತಂಡದ ಅಂದಾಜು. ದೊರೆಯ ಹಟಕ್ಕೂ ಅವನ ಹೆಸರಿನಲ್ಲಿ ಮೆರೆದವರ ಅಪರಾಧಕ್ಕೂ ಬೆಲೆ ತೆತ್ತವರು ಯಾವ ನಿರ್ಧಾರದಲ್ಲೂ ಪಾಲಿಲ್ಲದ ಬಡವರು.

ಕೇಳಿದರೆ ಏನಾಗುತ್ತದೆ?

ಲಕ್ಷ್ಮೇಶ್ವರದವರನ್ನು ಕೇಳಿದ್ದರೂ ಅವರು ಭಾರತವನ್ನೇ, ಕನ್ನಡ ನಾಡನ್ನೇ ಆರಿಸುತ್ತಿದ್ದರು. ಇದರಲ್ಲಿ ಯಾರಿಗೂ ಅನುಮಾನವಿಲ್ಲ. ಹಾಗಾದರೆ ಕೇಳದಿದ್ದರೆ ಏನಾಯಿತು ಎಂಬ ಪ್ರಶ್ನೆ ಬರಬಹುದು. ಉತ್ತರಕ್ಕಾಗಿ ಹಿಂದೂ ಮಹಾಸಾಗರದ ಕೊಕೋಸ್ ದ್ವೀಪಗಳತ್ತ ನೋಡಬಹುದು.

ಕೊಕೋಸ್‌ನ ನಿವಾಸಿಗಳಲ್ಲಿ ಹೆಚ್ಚಿನವರು ಮಲಯ ಮೂಲದ ಮುಸ್ಲಿಮರು, ತೆಂಗಿನ ತೋಟಗಳಲ್ಲಿ ದುಡಿಯಲು ಬಂದವರ ವಂಶಜರು. 1827ರಲ್ಲಿ ಅಲ್ಲಿ ನೆಲೆಸಿದ ಕ್ಲೂನೀಸ್-ರಾಸ್ ಎಂಬ ಸ್ಕಾಟಿಷ್ ಮನೆತನಕ್ಕೆ 1886ರಲ್ಲಿ ವಿಕ್ಟೋರಿಯಾ ರಾಣಿ ದ್ವೀಪಗಳನ್ನೇ ಬರೆದುಕೊಟ್ಟಳು. ನಮ್ಮ ಪಟವರ್ಧನರ ಸರಂಜಾಮಿನಂತೆಯೇ ಅದೂ ಒಂದು ಜಹಗೀರು. ಕೂಲಿಗಳಿಗೆ ಸಿಗುತ್ತಿದ್ದುದು ಮನೆತನವೇ ಮಾಡಿಸಿದ ಬಿಲ್ಲೆಗಳು. ಅವು ಮನೆತನದ ಅಂಗಡಿಯಲ್ಲಷ್ಟೇ ಚಲಾವಣೆಯಾಗುತ್ತಿದ್ದವು. 1955ರಲ್ಲಿ ದ್ವೀಪಗಳು ಆಸ್ಟ್ರೇಲಿಯಾದ ಆಡಳಿತಕ್ಕೆ ಬಂದವು. 1978ರಲ್ಲಿ ಆ ಸರಕಾರ ಮನೆತನದಿಂದ ಭೂಮಿಯನ್ನು ಕೊಂಡುಕೊಂಡಿತು. ಅಲ್ಲಿಗೇ ಸುಮ್ಮನಾಗದೆ 1984ರ ಏಪ್ರಿಲ್ 6ರಂದು ವಿಶ್ವಸಂಸ್ಥೆಯ ಸಮ್ಮುಖದಲ್ಲಿ ಜನಮತ ಪಡೆಯಿತು. ಸ್ವಾತಂತ್ರ್ಯ, ಮುಕ್ತ ಸಹಯೋಗ, ವಿಲೀನ – ಮೂರರಲ್ಲಿ ಒಂದನ್ನು ಆರಿಸಬೇಕಿತ್ತು. 1960ರಲ್ಲಿ ವಿಶ್ವಸಂಸ್ಥೆ ತನ್ನ 1541ನೆಯ ನಿರ್ಣಯದಲ್ಲಿ ಹೇಳಿದ್ದ ದಾರಿಗಳು ಇವೇ. ಮತದಾರರು ಇದ್ದದ್ದು 261 ಮಂದಿ. ವಿಲೀನಕ್ಕೆ 229, ಸಹಯೋಗಕ್ಕೆ 21, ಸ್ವಾತಂತ್ರ್ಯಕ್ಕೆ 9 ಮತ.

ಇಲ್ಲಿಯೂ ಫಲ ವಿಲೀನವೇ. ಆದರೆ ಕೇಳಿ ಪಡೆದ ವಿಲೀನಕ್ಕೆ ಶರತ್ತುಗಳಿರುತ್ತವೆ. ದ್ವೀಪದವರ ಧರ್ಮ ಮತ್ತು ಸಂಪ್ರದಾಯವನ್ನು ಗೌರವಿಸುತ್ತೇವೆ, ಬದುಕಿನ ಮಟ್ಟವನ್ನು ಆಸ್ಟ್ರೇಲಿಯಾದ ಮಟ್ಟಕ್ಕೆ ತರುತ್ತೇವೆ ಎಂದು ಆ ಸರಕಾರ ಮಾತು ಕೊಡಬೇಕಾಯಿತು. ಮತ ಕೇಳಿದವನು ಸಾಲಗಾರನಾಗುತ್ತಾನೆ. ಕೇಳದೆ ಪಡೆದವನಿಗೆ ಆ ಹಂಗಿಲ್ಲ.

ಕೇಳದೇ ಮಾಡಿದರೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಅದೇ ಸಾಗರದ ಚಾಗೋಸ್ ದ್ವೀಪಗಳು ಉದಾಹರಣೆ. 1965ರಲ್ಲಿ ಬ್ರಿಟನ್ ಅವನ್ನು ಮಾರಿಷಸ್‌ನಿಂದ ಬೇರ್ಪಡಿಸಿತು. ಡಿಯಾಗೊ ಗಾರ್ಸಿಯಾದಲ್ಲಿ ಅಮೆರಿಕದ ಸೇನಾ ನೆಲೆಗಾಗಿ 1968 ಮತ್ತು 1973ರ ನಡುವೆ ನಿವಾಸಿಗಳನ್ನೆಲ್ಲ ಹೊರಹಾಕಿತು. ಅದು ಕಾನೂನಿಗೆ ವಿರುದ್ಧವಾದ ವಿಭಜನೆ ಎಂದು ಅಂತರರಾಷ್ಟ್ರೀಯ ನ್ಯಾಯಾಲಯ ಅಭಿಪ್ರಾಯ ಕೊಟ್ಟದ್ದು 2019ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರು ಪರದೇಶದಲ್ಲಿ ಮಣ್ಣಾಗಿತ್ತು.

ನಮ್ಮ ದೇಶವೂ ಕೇಳಿ ನಡೆದುಕೊಂಡ ಉದಾಹರಣೆ ಇದೆ. ಭಾರತ–ಬಾಂಗ್ಲಾದೇಶ ಗಡಿಯ ಛಿತ್‌ಮಹಲ್‌ಗಳು ನಿಜಕ್ಕೂ ನೆಲದ ದ್ವೀಪಗಳೇ. ಬಾಂಗ್ಲಾದೇಶದೊಳಗೆ ಭಾರತದ 111, ಭಾರತದೊಳಗೆ ಬಾಂಗ್ಲಾದೇಶದ 51 ತುಂಡುಗಳಿದ್ದವು. ಅಲ್ಲಿನವರಿಗೆ ಶಾಲೆ, ವಿದ್ಯುತ್ತು, ಪೊಲೀಸ್ ಠಾಣೆ ಯಾವುದೂ ಸರಿಯಾಗಿ ಸಿಗುತ್ತಿರಲಿಲ್ಲ. 2015ರ ಜುಲೈ 31ರ ಮಧ್ಯರಾತ್ರಿ ಎರಡೂ ದೇಶಗಳು ಅವನ್ನು ಅದಲುಬದಲು ಮಾಡಿಕೊಂಡಾಗ, ಯಾವ ದೇಶದ ಪೌರರಾಗುತ್ತೀರಿ ಎಂದು ಪ್ರತಿಯೊಂದು ಮನೆಯವರನ್ನೂ ಕೇಳಿದವು.

ವಿಲೀನದ ನಂತರ

ಶಿರಹಟ್ಟಿ, ಲಕ್ಷ್ಮೇಶ್ವರಗಳ ಜನರಿಗೆ ಮೊದಲ ಬಾರಿಗೆ ಮತ ಸಿಕ್ಕಿದ್ದು 1951–52ರ ಸಾರ್ವತ್ರಿಕ ಚುನಾವಣೆಯಲ್ಲಿ. ವಿಲೀನಗೊಂಡ ಸೀಮೆಗಳ ಜಹಗೀರುಗಳನ್ನು ರದ್ದುಪಡಿಸುವ ಮುಂಬಯಿಯ ಕಾಯಿದೆ 1953ರದ್ದು. ಕನ್ನಡ ನಾಡು ಒಂದಾಗಲೆಂಬ ಚಳವಳಿಯಲ್ಲಿ ಈ ಸೀಮೆಯದು ದೊಡ್ಡ ಪಾಲು. ನಾಡಗೀತೆಯಂತೆ ಹಾಡಲಾದ ಗೀತೆಯನ್ನು ಬರೆದ ಹುಯಿಲಗೋಳ ನಾರಾಯಣರಾಯರು ಗದಗಿನಲ್ಲಿ ವಕೀಲರಾಗಿದ್ದರು. ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು ಮುಂಬಯಿ ವಿಧಾನಸಭೆಯೊಳಗೆ ಏಕೀಕರಣಕ್ಕಾಗಿ ದನಿಯೆತ್ತಿದರು. ಸಣ್ಣ ಊರುಗಳ ಜನ ತಮಗೆ ಬೇಕಾದ ರಾಜ್ಯವನ್ನು ತಾವೇ ಕೇಳಿ ಪಡೆದದ್ದು ಈ ಚಳವಳಿಯಲ್ಲಿ. 1956ರ ನವೆಂಬರ್ 1ರಂದು ಅದು ಕೈಗೂಡಿತು.

ಆಮೇಲೆ ದ್ವೀಪದ ಪಾಡು ಮುಗಿಯಿತೇ? ಲಕ್ಷ್ಮೇಶ್ವರ ದೊಡ್ಡ ವ್ಯಾಪಾರದ ಊರಾಗಿದ್ದರೂ ತಾಲ್ಲೂಕು ಕಚೇರಿ ಇದ್ದದ್ದು ಶಿರಹಟ್ಟಿಯಲ್ಲಿ, ಜಿಲ್ಲಾ ಕಚೇರಿ ಧಾರವಾಡದಲ್ಲಿ. ಗದಗ ಪ್ರತ್ಯೇಕ ಜಿಲ್ಲೆಯಾಗಲು 1997ರವರೆಗೆ, ಲಕ್ಷ್ಮೇಶ್ವರ ತಾಲ್ಲೂಕಾಗಲು 2018ರವರೆಗೆ ಕಾಯಬೇಕಾಯಿತು. ಸಂಸ್ಥಾನ ಹೋಗಿ ಎಪ್ಪತ್ತು ವರ್ಷಗಳಾದ ಮೇಲೆ ಒಂದು ಉತಾರಕ್ಕಾಗಿ ಬೇರೆ ಊರಿಗೆ ಬಸ್ಸು ಹತ್ತುವ ಕಷ್ಟ ತಪ್ಪಿತು. ಗದಗ–ಯಲವಿಗಿ ರೈಲು ಮಾರ್ಗದ ಬೇಡಿಕೆಯನ್ನು ಒಂದು ತಲೆಮಾರು ಕೇಳುತ್ತಲೇ ಬೆಳೆದಿದೆ. 1858ರಲ್ಲಿ ಕೆಂಚನಗೌಡರು ಬಂಡೆದ್ದ ಹಮ್ಮಿಗೆಯ ಬಳಿಯೇ ತುಂಗಭದ್ರೆಗೆ ಸಿಂಗಟಾಲೂರ ಏತ ನೀರಾವರಿಯ ಬ್ಯಾರೇಜು ಎದ್ದಿದೆ. ಒಣಭೂಮಿಗೆ ನೀರು ಬೇಕೇ ಬೇಕು, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಅದಕ್ಕಾಗಿ ವಿಠಲಾಪುರ, ಗುಮ್ಮಗೋಳ, ಬಿದರಹಳ್ಳಿಯವರು ತಮ್ಮ ಹಳೆಯ ಊರುಗಳನ್ನು ಬಿಡಬೇಕಾಯಿತು.

ಇದರ ನಡುವೆ ಜನರೇ ಉತ್ತರ ಹೇಳಿದ ಪ್ರಸಂಗವೂ ಇದೆ. ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯಲ್ಲಿ ಪೋಸ್ಕೊ ಕಂಪನಿಯ ಬೃಹತ್ ಉಕ್ಕಿನ ಕಾರ್ಖಾನೆಗೆ ಮೂರು ಸಾವಿರ ಎಕರೆಗೂ ಹೆಚ್ಚು ಭೂಮಿ ಕೊಡಲು ಸರಕಾರ ಮುಂದಾದಾಗ ರೈತರು ಒಪ್ಪಲಿಲ್ಲ. ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಅವರೊಂದಿಗೆ ನಿಂತರು. 2011ರ ಜುಲೈಯಲ್ಲಿ ಸರಕಾರ ಭೂಸ್ವಾಧೀನದಿಂದ ಹಿಂದೆ ಸರಿಯಿತು. ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಲ್ಲಿ ಹಬ್ಬಿರುವ ಕಪ್ಪತಗುಡ್ಡದ್ದೂ ಇದೇ ಕಥೆ. 2015ರಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದ್ದನ್ನು 2016ರಲ್ಲಿ ಸರಕಾರ ಹಿಂತೆಗೆದುಕೊಂಡಿತು. ಜನ ಬೀದಿಗಿಳಿದರು. 2017ರಲ್ಲಿ ಘೋಷಣೆ ಮರಳಿ ಬಂತು. 2019ರಲ್ಲಿ ಗುಡ್ಡ ವನ್ಯಜೀವಿಧಾಮವಾಯಿತು. ಒಂದು ಕಾಲಕ್ಕೆ ಬೇರೆ ಬೇರೆ ಸರಕಾರಗಳಿಗೆ ಕಂದಾಯ ಕೊಡುತ್ತಿದ್ದ ಊರುಗಳವರು ಒಂದೇ ಗುಡ್ಡಕ್ಕಾಗಿ ಒಂದಾಗಿ ನಿಂತದ್ದು ಇತಿಹಾಸದ ದೃಷ್ಟಿಯಿಂದ ಸಣ್ಣ ಸಂಗತಿಯಲ್ಲ.

ಸ್ವನಿರ್ಣಯ ಎಂದರೆ ಯಾವ ಬಾವುಟದ ಕೆಳಗೆ ಇರಬೇಕೆಂದು ಒಮ್ಮೆ ಮತ ಹಾಕಿ ಮುಗಿಸುವ ಕೆಲಸವಲ್ಲ. ನಮ್ಮ ಊರಿನ ನೀರು ಎಲ್ಲಿಗೆ ಹೋಗಬೇಕು, ನಮ್ಮ ಗುಡ್ಡವನ್ನು ಅಗೆಯಬೇಕೋ ಬೇಡವೋ, ಕಚೇರಿ ಎಲ್ಲಿರಬೇಕು ಎಂಬ ಮಾತುಗಳಲ್ಲಿ ಪ್ರತಿಸಲ ನಮ್ಮನ್ನು ಕೇಳಬೇಕೆಂಬುದೂ ಅದರೊಳಗೇ ಇದೆ. ನಮ್ಮ ಸಂವಿಧಾನದ 73ನೆಯ ತಿದ್ದುಪಡಿ ಗ್ರಾಮಸಭೆಗೆ ಸ್ಥಾನ ಕೊಟ್ಟದ್ದು 1993ರಲ್ಲಿ. ಅಭಿವೃದ್ಧಿಯ ಹೆಸರಿನಲ್ಲಿ ಯಾವ ಯೋಜನೆ ಬಂದರೂ ಆ ಸಭೆ ನಿಜವಾಗಿ ಸೇರಬೇಕು. ಅಲ್ಲಿ ದಲಿತರು, ಮಹಿಳೆಯರು, ನೇಕಾರರು, ಭೂಮಿಯಿಲ್ಲದವರು, ಅಲ್ಪಸಂಖ್ಯಾತರು ಬಾಯಿಬಿಟ್ಟು ಮಾತಾಡುವಂತಿರಬೇಕು. 1948ರಲ್ಲಿ ಶಿರಹಟ್ಟಿ, ಲಕ್ಷ್ಮೇಶ್ವರಗಳ ಜನರನ್ನು ಯಾರೂ ಕೇಳಲಿಲ್ಲ. ಮುಂದಿನ ಯೋಜನೆಯ ಕಾಗದ ಬರುವ ಮೊದಲು ಅವರನ್ನು ಕೇಳಬೇಕು.